ಮಧ್ಯಾಹ್ನ ಒಂದಕ್ಕೆ ಹನ್ನೊಂದು ಡಿಗ್ರಿ

ಬಸವಕಲ್ಯಾಣದಲ್ಲಿ ಯಾರ ಮನೆಯ ಫ್ರಿಜ್ ಕೆಟ್ಟರೂ ಸುದ್ದಿ ಮೊದಲು ಹೋಗುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಹಿಂದಿದ್ದ ಬಕ್ಕಪ್ಪನ ಅಂಗಡಿಗೆ. ತೊಂಬತ್ತರ ದಶಕದಲ್ಲಿ ಊರಿನ ಫ್ರಿಜ್‌ಗಳೆಲ್ಲ ಒಂದೇ ಬಾಗಿಲಿನವು. ಮೇಲಿನ ಖಾನೆಯಲ್ಲಿ ಬರ್ಫ್ ಬೆಳೆದು ಬೆಳೆದು ಗುಡ್ಡವಾದರೆ ಕೆಂಪು ಗುಂಡಿ ಒತ್ತಬೇಕು, ಅದು ಕರಗುವ ತನಕ ತಾಸುಗಟ್ಟಲೆ ಕಾಯಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಹೆಣ್ಣುಮಕ್ಕಳು ಅಡುಗೆಮನೆಯ ಚಾಕು ತಂದು ಕೆತ್ತುತ್ತಿದ್ದರು. ತಗಡಿಗೆ ತೂತು ಬಿದ್ದು ಗ್ಯಾಸ್ ಹೋಗುತ್ತಿತ್ತು, ಬಕ್ಕಪ್ಪನಿಗೆ ಕರೆ ಬರುತ್ತಿತ್ತು. ಆ ಚಾಕುಗಳ ಪುಣ್ಯದಿಂದಲೇ ಆತ ಮನೆ ಕಟ್ಟಿದ, ಮಗಳ ಲಗ್ನ ಮಾಡಿದ.

ಕೆಲಸ ಕಲಿತದ್ದು ಹೈದರಾಬಾದಿನ ಒಬ್ಬ ಉಸ್ತಾದನ ಹತ್ತಿರ. ಬರ್ಫ್ ತಾನಾಗಿ ಕರಗುವುದಿಲ್ಲ ಎಂದು ಉಸ್ತಾದ ಹೇಳಿಕೊಟ್ಟಿದ್ದ. ಗುಂಡಿ ಒತ್ತದೆಯೂ ಕರಗಿದೆ ಅಂದರೆ ಒಂದೋ ಕರೆಂಟ್ ಹೋಗಿದೆ, ಒಂದೋ ಯಾರೋ ಬಾಗಿಲು ತೆರೆದಿಟ್ಟಿದ್ದಾರೆ. ಈ ಒಂದು ಮಾತಿನ ಮೇಲೆ ಬಕ್ಕಪ್ಪ ಇಪ್ಪತ್ತು ವರ್ಷ ದುಡಿದ, ಒಮ್ಮೆಯೂ ತಪ್ಪಲಿಲ್ಲ. ತಪ್ಪಿದ್ದು ಎರಡು ಸಾವಿರದ ಮೂರನೇ ಇಸವಿಯ ಏಪ್ರಿಲ್‌ನಲ್ಲಿ, ಹುಮನಾಬಾದಿನಲ್ಲಿ. ತಪ್ಪಿದವ ಅವನು, ಏಟು ಬಿದ್ದದ್ದು ಬೇರೆಯವರಿಗೆ. ಲೋಕದ ಕಾರಭಾರವೇ ಹಾಗೆ, ಬಿಡಿ.

ಹುಮನಾಬಾದಿನಲ್ಲಿ ಒಂದು ಸೇವಾ ಟ್ರಸ್ಟ್ ಇತ್ತು. ಯಾರೋ ಪುಣ್ಯಾತ್ಮರು ಅದಕ್ಕೊಂದು ವಿದೇಶಿ ಗಾಡಿ ದಾನ ಕೊಟ್ಟಿದ್ದರು. ಆ ಕಡೆಯ ಜನ ಸೂಟಿ ಸಿಕ್ಕರೆ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುತ್ತಾರಲ್ಲ, ಅಂಥ ಗಾಡಿ. ಒಳಗೇ ಒಲೆ, ಒಳಗೇ ಮಂಚ, ನೀರಿನ ನಳ, ಗೋಡೆಯಲ್ಲಿ ಕೂಡಿಸಿದ ಫ್ರಿಜ್. ಟ್ರಸ್ಟಿನವರು ಮಂಚ ಕಿತ್ತು ರೋಗಿಗಳನ್ನು ಮಲಗಿಸುವ ಮೇಜು ಹಾಕಿದರು. ಫ್ರಿಜ್ಜಿನಲ್ಲಿ ಸಕ್ಕರೆ ಕಾಯಿಲೆಯವರ ಇನ್ಸುಲಿನ್, ನಾಯಿ ಕಡಿದವರ ಸೂಜಿಮದ್ದು ಇಟ್ಟರು. ಜನ ಅದಕ್ಕೆ ಮನಿಗಾಡಿ ಎಂದು ಹೆಸರಿಟ್ಟರು. ಬೆಳಗ್ಗೆ ಎಂಟಕ್ಕೆ ಹೊರಟು ದಿನಕ್ಕೊಂದು ಹಳ್ಳಿ ಮಾಡಿ ಸಂಜೆ ನಾಲ್ಕಕ್ಕೆ ಟ್ರಸ್ಟಿನ ಅಂಗಳಕ್ಕೆ ಬರುತ್ತಿತ್ತು. ದಾರಿಯಲ್ಲಿ ಫ್ರಿಜ್ ಗಾಡಿಯ ಬ್ಯಾಟರಿಯಿಂದ ನಡೆಯುತ್ತಿತ್ತು, ಅಂಗಳದಲ್ಲಿ ಗೋಡೆಯ ಪ್ಲಗ್ಗಿನಿಂದ.

ಗಾಡಿ ಹೊಡೆಯುವವನು ಮಚ್ಚೇಂದ್ರ. ನರ್ಸ್ ಸುಜಾತಾ. ಇಪ್ಪತ್ನಾಲ್ಕರ ಹುಡುಗಿ, ದುಬಲಗುಂಡಿಯಲ್ಲಿ ಬೌದ್ಧರಾದ ದಲಿತರ ಓಣಿಯವಳು. ತಾಯಿ ಸುಮನಬಾಯಿ ಕಂಡವರ ಹೊಲದಲ್ಲಿ ಕಳೆ ತೆಗೆದು ಇವಳನ್ನು ಓದಿಸಿದ್ದಳು. ಆ ಓಣಿಯಲ್ಲಿ ಬಿಳಿ ಕೋಟು ಹಾಕಿದ ಮೊದಲನೆಯವಳು ಇವಳೇ.

ಫ್ರಿಜ್ಜಿನ ಪಕ್ಕ ಒಂದು ರಜಿಸ್ಟರ್ ತೂಗುಹಾಕಿತ್ತು. ದಿನಕ್ಕೆ ಮೂರು ಸಲ, ಎಂಟಕ್ಕೆ, ಒಂದಕ್ಕೆ, ನಾಲ್ಕಕ್ಕೆ, ಒಳಗಿನ ತಂಪು ಎಷ್ಟಿದೆ ನೋಡಿ ಬರೆಯಬೇಕು. ಬಾಗಿಲಿನ ಮೇಲೇ ಮುಳ್ಳಿನ ಮೀಟರ್ ಇತ್ತು, ತೆರೆದು ನೋಡುವ ಕೆಲಸವೂ ಇಲ್ಲ. ಮದ್ದಿಗೆ ಎರಡರಿಂದ ಎಂಟು ಡಿಗ್ರಿ ಬೇಕು. ಸುಜಾತಾಳಿಗಿಂತ ಮೊದಲಿದ್ದವಳು ಮುಳ್ಳಿನ ಕಡೆ ಕಣ್ಣೆತ್ತದೆ ರಜಿಸ್ಟರಿನ ಎಲ್ಲ ಮನೆಗಳಲ್ಲೂ ನಾಲ್ಕು ಎಂದು ಬರೆದಿದ್ದಳು. ಸುಜಾತಾ ನೋಡಿ ಬರೆದಳು. ಎಂಟಕ್ಕೆ ನಾಲ್ಕು, ಒಂದಕ್ಕೆ ಹನ್ನೊಂದು, ನಾಲ್ಕಕ್ಕೆ ಮತ್ತೆ ನಾಲ್ಕು. ಮರುದಿನವೂ ಒಂದಕ್ಕೆ ಹನ್ನೊಂದು. ಹತ್ತು ದಿನ ನೋಡಿ, ತಾನೇ ಹೋಗಿ ಟ್ರಸ್ಟಿನ ಸೆಕ್ರೆಟರಿ ಗುಂಡಪ್ಪನಿಗೆ ಹೇಳಿದಳು. ಕಂಡದ್ದನ್ನು ಕಂಡ ಹಾಗೆ ಬರೆಯುವವರಿಗೆ ಕಾಲ ಇದಲ್ಲ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಗುಂಡಪ್ಪ ಬಕ್ಕಪ್ಪನನ್ನು ಕರೆಸಿದ. ಬೆಳಗ್ಗೆ ಒಂಬತ್ತರ ಹೊತ್ತು, ಮನಿಗಾಡಿಯನ್ನು ಅವತ್ತು ಅಂಗಳದಲ್ಲೇ ನಿಲ್ಲಿಸಿಕೊಂಡಿದ್ದರು, ಟ್ರಸ್ಟಿನ ಎಂಟು ಹತ್ತು ಮಂದಿ ಸುತ್ತ ನೆರೆದಿದ್ದರು. ಬಕ್ಕಪ್ಪ ಒಳಗೆ ಹತ್ತಿ ಬಾಗಿಲು ತೆರೆದ. ತಣ್ಣಗಿದೆ. ಬಾಗಿಲಿನ ರಬ್ಬರಿಗೆ ಕಾಗದದ ಚೂರು ಸಿಕ್ಕಿಸಿ ಎಳೆದ, ಬಿಗಿಯಾಗಿದೆ. ಮೋಟಾರು ಗುಂಯ್ ಎನ್ನುತ್ತಿದೆ. ಒಳಗೆ ಎಲ್ಲೂ ಬರ್ಫ್ ಕಾಣಲಿಲ್ಲ. ಬರ್ಫೇ ಇಲ್ಲದೆ ಇಷ್ಟು ತಂಪು ಹೇಗೆ ಎಂದು ಒಂದು ಗಳಿಗೆ ತಡವರಿಸಿದ. ಹಿಂದಿನ ತಗಡು ಬಿಚ್ಚಿದ್ದರೆ ತಿಳಿಯುತ್ತಿತ್ತು. ಆದರೆ ಅಂಥ ಸ್ಕ್ರೂ ಅವನು ಕಂಡಿರಲಿಲ್ಲ, ಅಂಥ ಮಶೀನೂ ಕಂಡಿರಲಿಲ್ಲ. ಹತ್ತು ಮಂದಿಯ ಮುಂದೆ ‘ಗೊತ್ತಿಲ್ಲ’ ಅನ್ನುವ ಮೂರು ಅಕ್ಷರ ಬಾಯಿಂದ ಹೊರಡಲಿಲ್ಲ ನೋಡಿ, ಎಲ್ಲ ಕೆಟ್ಟದ್ದು ಅಲ್ಲೇ.

"ಒಂದು ಗಂಟಿಗೆ ಟಕ್ ಅಂತ ಸಪ್ಪಳ ಬರ್ತದ್ರಿ ಸರ್" ಎಂದಳು ಸುಜಾತಾ. "ಮೋಟಾರ್ ನಿಂತು ಬಿಡ್ತದ. ಆಮ್ಯಾಲೆ ಹೊರಗಿನ ಪೈಪಿನಿಂದ ನೀರು ಬೀಳ್ತದ."

ಬಕ್ಕಪ್ಪನಿಗೆ ನೀರು ಎಂಬ ಮಾತು ಸಾಕಾಯಿತು. ಉಸ್ತಾದನ ಪಾಠ ನೆನಪಾಯಿತು. ಅವಳ ಕಡೆ ನೋಡದೆ ಗುಂಡಪ್ಪನಿಗೆ ಹೇಳಿದ.

"ಮಶೀನ್ ಬರೋಬರಿ ಅದ ಸಾಹೇಬ್ರ. ನೀರು ಬೀಳ್ತದ ಅಂದ್ರ ಒಳಗ ಬರ್ಫ್ ಕರಗ್ಯಾದ. ಬಾಗಿಲು ತೆಗೆದಿಟ್ಟಾರ. ಒಂದು ಗಂಟಿ ಅಂದ್ರ ಊಟದ ಹೊತ್ತು. ಇವರು ತಮ್ಮ ಡಬ್ಬಿ, ನೀರಿನ ಬಾಟ್ಲಿ ಒಳಗಿಡ್ತಿರಬೇಕು."

ಡಬ್ಬಿಯನ್ನು ಅವನು ನೋಡಿರಲಿಲ್ಲ. ಬಾಯಿಗೆ ಬಂತು, ಅಂದುಬಿಟ್ಟ. ಯಾವ ಓಣಿಯ ಡಬ್ಬಿ, ಯಾರ ಮನೆಯ ಅನ್ನ ಎಂದು ಎಲ್ಲರೂ ಲೆಕ್ಕ ಹಾಕುತ್ತಿದ್ದದ್ದು ಅವನಿಗೆ ಕಂಡಿತು. ಆಗಲಾದರೂ ಮಾತು ಹಿಂದಕ್ಕೆ ತಗೊಳ್ಳಬಹುದಿತ್ತು.

"ನನ್ನ ಡಬ್ಬಿ ನನ್ನ ಚೀಲದಾಗ ಇರ್ತದ್ರಿ" ಎಂದಳು ಸುಜಾತಾ. "ಒಂದು ದಿನಾನೂ ಇಟ್ಟಿಲ್ಲ. ಮಚ್ಚೇಂದ್ರಣ್ಣಗ ಕೇಳ್ರಿ."

ಮಚ್ಚೇಂದ್ರ ಬಾಯಿ ತೆರೆದ. ಗುಂಡಪ್ಪ ಕೈ ಅಡ್ಡ ಮಾಡಿದ. "ಬಕ್ಕಪ್ಪ, ಈಗ ಹೇಳಿದ್ದನ್ನ ಚೀಟಿ ಮ್ಯಾಲ ಬರದು ಕೊಡು."

ಬಕ್ಕಪ್ಪ ಅಂಗಡಿಯ ಹೆಸರು ಛಾಪಿಸಿದ ಕಾಗದದ ಮೇಲೆ ಬರೆದು ಕೊಟ್ಟ. ಹತ್ತು ನಿಮಿಷದಲ್ಲಿ ಸುಜಾತಾಳ ಕೆಲಸ ಹೋಯಿತು. ಅವಳು ಒಳಗಿನಿಂದ ತನ್ನ ಚೀಲ ತರುವಷ್ಟರಲ್ಲಿ ಗುಂಡಪ್ಪ ಬಕ್ಕಪ್ಪನಿಗೆ ಮತ್ತೊಂದು ಮಾತು ಹೇಳಿದ, ದನಿ ತಗ್ಗಿಸಿ. "ಬಂದಿದ್ದೀ, ಫ್ರಿಜ್ಜಿನ ಒಳಗ ಜರಾ ಸೋಡಾ ಹಾಕಿ ತೊಳದು ಹೋಗು. ಎರಡು ಸಲ ತೊಳಿ."

ಬಕ್ಕಪ್ಪ ತೊಳೆದ. ಬಿಸಿನೀರು ತರಿಸಿದ, ಸೋಡಾ ಕಲಸಿದ, ಅರಿವೆ ಹಿಡಿದು ಖಾನೆ ಖಾನೆ ತಿಕ್ಕಿದ. ಒಂದು ಕಲೆ ಇರಲಿಲ್ಲ, ಅನ್ನ ಸಾರಿನ ವಾಸನೆ ಇರಲಿಲ್ಲ. ಮದ್ದಿನ ರಟ್ಟಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಮೊದಲನೇ ಸಲ ಅರಿವೆ ಹಿಂಡಿದಾಗ ನೀರು ತಿಳಿಯಾಗೇ ಬಂತು. ಆದರೂ ಎರಡನೇ ಸಲ ತೊಳೆದ. ತಲೆ ಎತ್ತಿದರೆ ಗೇಟಿನ ಹತ್ತಿರ ಸುಜಾತಾ ಚೀಲ ಹಿಡಿದು ನಿಂತು ನೋಡುತ್ತಿದ್ದಳು. ಅವನು ಕಣ್ಣು ತಗ್ಗಿಸಿದ. ಮತ್ತೆ ನೋಡಿದಾಗ ಅವಳು ಇರಲಿಲ್ಲ.

ಮನೆಗೆ ಬಂದು ಹೆಂಡತಿ ಲಲಿತಾಬಾಯಿಗೆ ದಿನದ ಸುದ್ದಿಯೆಲ್ಲ ಹೇಳಿದ, ವಿದೇಶಿ ಗಾಡಿ, ಅದರ ನಳ, ಅದರ ಒಲೆ, ಹುಡುಗಿಯ ಅಲಕ್ಷ್ಯ. ತೊಳೆದದ್ದನ್ನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ತನ್ನನ್ನು ತಾನು ಕೇಳಿಕೊಳ್ಳಲೂ ಇಲ್ಲ.

ಎರಡು ತಿಂಗಳು ಹೋಯಿತು. ಜೂನ್‌ನಲ್ಲಿ ಸಾಲಿ ಟೀಚರ್ ರಾಬಿಯಾ ಹೈದರಾಬಾದಿನಿಂದ ಎರಡು ಬಾಗಿಲಿನ ಹೊಸ ಫ್ರಿಜ್ ತರಿಸಿದರು. ವಾರದೊಳಗೆ ಬಕ್ಕಪ್ಪನಿಗೆ ಕರೆ ಬಂತು.

"ಬಕ್ಕಪ್ಪ ಭಾಯ್, ಛಲೋ ನಡದಿರ್ತದ, ನಡುವೇ ಬಂದ್ ಆಗಿ ಒಳಗ ಗರಂ ಆಗ್ತದ. ಹಿಂದ ನೋಡಿದ್ರ ನೀರು."

"ಬಾಗಿಲು ತೆಗೆದಿಡ್ತೀರೇನ್ರಿ?" ಬಕ್ಕಪ್ಪನ ಬಾಯಿಗೆ ಅದೇ ಮಾತು ಬಂತು.

ರಾಬಿಯಾ ನಕ್ಕರು. "ಮನಿಯಾಗ ಇರಾಕಿ ನಾನೊಬ್ಬಾಕಿ. ನಿನ್ನಿ ಐತವಾರ, ದಿನವಿಡೀ ಇದರ ಮುಂದೇ ಪೇಪರ್ ತಿದ್ದಕೋತ ಕುಂತಿದ್ದೆ. ನನ್ನ ಕಣ್ಣ ಮುಂದ, ಬಾಗಿಲು ಮುಚ್ಚಿದ್ದಾಗನೇ ಟಕ್ ಅಂತು."

ಟಕ್. ಬಕ್ಕಪ್ಪನ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು.

"ಇದರ ಜೋಡಿ ಒಂದು ಕಿತಾಬ್ ಬಂದಾದ, ನಿಲ್ರಿ" ಎಂದು ರಾಬಿಯಾ ಒಳಗಿನಿಂದ ಪುಸ್ತಕ ತಂದರು. ಇಂಗ್ಲಿಷಿನಲ್ಲಿತ್ತು. ಬಕ್ಕಪ್ಪನಿಗೆ ಓದಲು ಬರುತ್ತಿರಲಿಲ್ಲ. ಅವರೇ ಓದಿ, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಈ ಫ್ರಿಜ್ಜಿನಲ್ಲಿ ಬರ್ಫ್ ಕಟ್ಟುವ ಕೊಳವೆ ಹಿಂದಿನ ತಗಡಿನ ಮರೆಯಲ್ಲಿದೆ. ಒಂದು ಪಂಖಾ ಅಲ್ಲಿಯ ತಂಪನ್ನು ಒಳಗೆ ಊದುತ್ತದೆ. ಕೊಳವೆಗೆ ಬರ್ಫ್ ಹತ್ತಿ ಗಟ್ಟಿಯಾದರೆ ಗಾಳಿ ಹಾಯುವುದಿಲ್ಲ. ಅದಕ್ಕೇ ಒಂದು ಸಣ್ಣ ಗಡಿಯಾರ ಇಟ್ಟಿದ್ದಾರೆ. ಎಂಟು ತಾಸಿಗೊಮ್ಮೆ ಅದು ಟಕ್ ಎಂದು ಮೋಟಾರು ನಿಲ್ಲಿಸಿ, ಕೊಳವೆಯ ಕೆಳಗಿನ ಹೀಟರ್ ಹೊತ್ತಿಸುತ್ತದೆ. ಇಪ್ಪತ್ತು ನಿಮಿಷದಲ್ಲಿ ಬರ್ಫ್ ಕರಗಿ ನೀರಾಗಿ ಪೈಪಿನಿಂದ ಹೊರಗೆ ಹೋಗುತ್ತದೆ. ಮತ್ತೆ ಟಕ್, ಮತ್ತೆ ತಂಪು. ಆ ಹೊತ್ತಿನಲ್ಲಿ ಒಳಗಿನ ಗಾಳಿ ಸ್ವಲ್ಪ ಬೆಚ್ಚಗಾದರೂ ಇಟ್ಟ ಸಾಮಾನು ಅಷ್ಟರಲ್ಲಿ ಬಿಸಿಯಾಗುವುದಿಲ್ಲ. ಗಾಬರಿ ಬೇಡ, ಇದು ಕೆಟ್ಟದ್ದಲ್ಲ, ಇದರ ಕೆಲಸವೇ ಇದು.

"ಬರ್ಫ್ ತಾನೇ ಕರಗಿಸಿಕೋತದ?" ಎಂದ ಬಕ್ಕಪ್ಪ.

"ತಾನೇ. ನಾವು ನೀವು ಏನೂ ಮಾಡೂದಿಲ್ಲ."

"ಕರೆಂಟ್ ಹೋದ್ರ ಆ ಗಡಿಯಾರ?"

"ನಿಂತು ಬಿಡ್ತದ ಭಾಯ್. ಕರೆಂಟ್ ಬಂದ ಮ್ಯಾಲೆ ನಿಂತಲ್ಲಿಂದ ಮುಂದ ನಡೀತದ." ರಾಬಿಯಾ ಅವನ ಮುಖ ನೋಡಿದರು. "ಯಾಕ, ಮೈಯಾಗ ಆರಾಮಿಲ್ಲೇನು? ಚಾ ಕುಡೀರಿ."

ಚಾ ಕುಡಿಯದೆ ಅಂಗಡಿಗೆ ಬಂದ. ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕುಳಿತ. ಆ ಬೇಸಿಗೆ ಹುಮನಾಬಾದಿನಲ್ಲಿ ಕರೆಂಟ್ ತೆಗೆಯುವ ಹೊತ್ತು ಎಲ್ಲರಿಗೂ ಬಾಯಿಪಾಠ. ಸಂಜೆ ಏಳರಿಂದ ಹನ್ನೊಂದು, ಬೆಳಗಿನ ಜಾವ ಮೂರರಿಂದ ಏಳು. ಮಧ್ಯಾಹ್ನ ಒಂದರಿಂದ ಸಂಜೆ ಏಳರ ತನಕ, ಮೊದಲು ಬ್ಯಾಟರಿ ಆಮೇಲೆ ಪ್ಲಗ್ಗು, ಗಡಿಯಾರ ನಡೆದದ್ದು ಆರು ತಾಸು. ಮುಂದೆ ಕರೆಂಟಿಲ್ಲ. ರಾತ್ರಿ ಹನ್ನೊಂದರಿಂದ ಒಂದು, ಎರಡು ತಾಸು. ಎಂಟಾಯಿತು, ಟಕ್. ಮತ್ತೆ ಒಂದರಿಂದ ಮೂರು, ಎರಡು ತಾಸು. ಮುಂದೆ ಕರೆಂಟಿಲ್ಲ. ಬೆಳಗ್ಗೆ ಏಳರಿಂದ ಮಧ್ಯಾಹ್ನ ಒಂದು, ಆರು ತಾಸು. ಎಂಟು. ಬೆರಳು ಒಂದರ ಮೇಲೆ ಬಂದು ನಿಂತಿತು. ದಿನಾ ಒಂದಕ್ಕೇ, ತಪ್ಪದೆ ಊಟದ ಹೊತ್ತಿಗೇ, ಆ ಹುಡುಗಿ ತನ್ನ ಚೀಲದಿಂದ ತನ್ನ ಡಬ್ಬಿ ತೆಗೆಯುವ ಹೊತ್ತಿಗೇ.

ಬಕ್ಕಪ್ಪನಿಗೆ ನಾಚಿಕೆಯಾಯಿತು. ಸಣ್ಣ ನಾಚಿಕೆಯಲ್ಲ. ಅಂಗಡಿಯ ಬೋರ್ಡಿನ ಮೇಲಿನ ತನ್ನ ಹೆಸರು ಓದಲಾರದಷ್ಟು ನಾಚಿಕೆ.

ಲಲಿತಾಬಾಯಿಗೆ ಹೇಳಿದ. ಆಕೆ ಕೇಳಿ, "ಹಂಗಾದ್ರ ಇಲ್ಲಿ ಯಾಕ ಕುಂತೀರಿ? ಹೋಗಿ ಹೇಳಿ ಬರ್ರಿ" ಎಂದಳು. ಎಷ್ಟು ಸಲೀಸು. ಮೊದಲನೇ ದಿನ ಕೆಲಸ ಬಹಳ ಇತ್ತು. ಎರಡನೇ ದಿನ ಅಮಾವಾಸ್ಯೆ. ಮೂರನೇ ದಿನ ಬಸ್‌ಸ್ಟ್ಯಾಂಡಿಗೆ ಹೋಗಿ ಹುಮನಾಬಾದಿನ ಬಸ್ಸು ಹೋಗುವುದನ್ನು ನೋಡಿ ವಾಪಸ್ ಬಂದ. ಹೀಗೆ ಹದಿಮೂರು ದಿನ. ಫ್ರಿಜ್ ಬಿಚ್ಚಲು ಗೊತ್ತಿಲ್ಲ ಅನ್ನಲು ಅಂದು ಬಾಯಿ ಬರಲಿಲ್ಲ, ಇಂದು ತಪ್ಪಾಯಿತು ಅನ್ನಲು ಕಾಲು ಬರುತ್ತಿಲ್ಲ. ಲಲಿತಾಬಾಯಿ ಬಡಿಸುವಾಗ ಮಾತಾಡುವುದು ಬಿಟ್ಟಳು.

ಹದಿನಾಲ್ಕನೇ ದಿನ ಐತವಾರ ಹೋದ. ಮನಿಗಾಡಿ ಅಂಗಳದಲ್ಲಿ ಪ್ಲಗ್ಗಿಗೆ ಕಟ್ಟಿಕೊಂಡು ನಿಂತಿತ್ತು. ಮಚ್ಚೇಂದ್ರ ಗಾಜು ಒರೆಸುತ್ತಿದ್ದ. ಸುಜಾತಾ ಹೋದ ಮೇಲೆ ನರ್ಸ್ ಸಿಕ್ಕಿರಲಿಲ್ಲ, ಆಫೀಸಿನ ಗುಮಾಸ್ತ ರಜಿಸ್ಟರ್ ತುಂಬುತ್ತಿದ್ದ. ಬಕ್ಕಪ್ಪ ಹಾಳೆ ತಿರುವಿದ. ನಾಲ್ಕು, ನಾಲ್ಕು, ನಾಲ್ಕು. ಎರಡು ತಿಂಗಳ ಹಿಂದಿನ ಹಾಳೆಯಲ್ಲಿ ಅವಳ ದುಂಡು ಅಕ್ಷರ. ಅವಳನ್ನು ಬಿಡಿಸಿದ ಹಿಂದಿನ ದಿನವೂ ಒಂದರ ಮನೆಯಲ್ಲಿ ಹನ್ನೊಂದು ಎಂದೇ ಬರೆದಿದ್ದಳು.

ಒಂದಕ್ಕೆ ಐದು ನಿಮಿಷ ಇರುವಾಗ ಫ್ರಿಜ್ಜಿನ ಮುಂದೆ ಕುಳಿತ. ಟಕ್ ಎಂದಿತು. ಮೋಟಾರು ನಿಂತಿತು. ಮುಳ್ಳು ನಾಲ್ಕರಿಂದ ಮೆಲ್ಲಗೆ ಏರಿತು. ಹೊರಗೆ ಪೈಪಿನಿಂದ ನೀರು ಹನಿಯತೊಡಗಿತು.

"ಇದು ದಿನಾ ಹಿಂಗೇ ಮಾಡ್ತದ" ಎಂದ ಮಚ್ಚೇಂದ್ರ. "ಸಿಸ್ಟರ್ ನಿಮಗ ಹೇಳಿದ್ರಲ್ಲ."

ಮಧ್ಯಾಹ್ನದ ಬಸ್ಸಿಗೆ ದುಬಲಗುಂಡಿಗೆ ಹೋದ. ಸುಜಾತಾ ಮನೆಯ ಮುಂದೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಎರಡು ತಿಂಗಳಿಂದ ತಾಯಿಯ ಸಂಗಡ ಕೂಲಿಗೆ ಹೋಗಿ ಮುಖ ಕಪ್ಪಿಟ್ಟಿತ್ತು. ಅವನನ್ನು ಕಂಡು ಎದ್ದು ನಿಂತಳು, ಕೂಡಲು ಹೇಳಲಿಲ್ಲ. ಬಕ್ಕಪ್ಪ ನಿಂತೇ ಎಲ್ಲ ಹೇಳಿದ, ಗಡಿಯಾರ, ಹೀಟರ್, ಕರೆಂಟಿನ ಹೊತ್ತು. "ತಪ್ಪು ನಂದೇ ತಂಗಿ. ನಿನ್ನದು ಏನೂ ಇರಲಿಲ್ಲ."

"ನನ್ನ ಮುಂದ ಹೇಳಿ ಏನು ಬಂತ್ರಿ?" ಎಂದಳು ಸುಜಾತಾ. "ನನಗ ಮೊದಲೇ ಗೊತ್ತಿತ್ತಲ್ಲ. ಎಲ್ಲಿ ಹೇಳಿದ್ರಿ ಅಲ್ಲೇ ಹೇಳ್ರಿ."

ಸೋಮವಾರ ಬೆಳಗ್ಗೆ ಏಳೂವರೆಗೆ ಬಕ್ಕಪ್ಪ ಅಂಗಳದಲ್ಲಿದ್ದ. ಸುಜಾತಾ ಗೇಟಿನ ಹತ್ತಿರ ನಿಂತಿದ್ದಳು, ಅವತ್ತು ನಿಂತ ಜಾಗದಲ್ಲೇ. ಅದೇ ಎಂಟು ಹತ್ತು ಮಂದಿ ಸೇರಿದರು. ಬಕ್ಕಪ್ಪ ಅಂಗಡಿಯ ಹೆಸರಿನ ಅದೇ ಕಾಗದದ ಮೇಲೆ ಬರೆದು ತಂದದ್ದನ್ನು ಗಟ್ಟಿಯಾಗಿ ಓದಿದ. ನನಗೆ ಈ ಮಶೀನು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿದೆ. ಬಾಗಿಲು ಯಾರೂ ತೆರೆದಿಟ್ಟಿರಲಿಲ್ಲ. ಡಬ್ಬಿಯನ್ನು ನಾನು ಕಂಡಿರಲಿಲ್ಲ, ಸುಳ್ಳು ಹೇಳಿದೆ. ಸಿಸ್ಟರ್ ಸುಜಾತಾ ಬರೆದದ್ದೆಲ್ಲ ಖರೆ. ಕೊನೆಯ ತನಕ ಓದಿದ.

ಗುಂಡಪ್ಪ ಕೆಮ್ಮಿದ. ನರ್ಸ್ ಇಲ್ಲದೆ ಅವನಿಗೂ ತಾಪತ್ರಯವಾಗಿತ್ತು. "ಆಗಿದ್ದು ಆಗಿ ಹೋತು. ಏನವ್ವಾ, ಇವತ್ತೇ ಡ್ಯೂಟಿ ಮ್ಯಾಲ ಹಾಜರಾಗು" ಎಂದ. ಅಷ್ಟೇ. ಯಾರೋ ನಕ್ಕರು, ಯಾರೋ ಚಾ ತರಲು ಹೋದರು. ಬಕ್ಕಪ್ಪನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮುಗಿಯಿತು, ಮಾಡಬೇಕಾದದ್ದು ಮಾಡಿದೆ ಎಂದುಕೊಂಡ. ಒಳ್ಳೆಯವನಾದೆ ಎಂದೂ ಒಂದು ಚೂರು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಸುಜಾತಾ ಬಿಳಿ ಕೋಟು ಹಾಕಿಕೊಂಡು ಮನಿಗಾಡಿ ಹತ್ತಿದಳು. ಮುಳ್ಳು ನೋಡಿದಳು, ರಜಿಸ್ಟರಿನಲ್ಲಿ ಎಂಟರ ಮನೆಯಲ್ಲಿ ನಾಲ್ಕು ಎಂದು ಬರೆದಳು. ಆಮೇಲೆ ಬಾಗಿಲಲ್ಲಿ ನಿಂತು ಬಕ್ಕಪ್ಪನನ್ನು ಕರೆದಳು. ಅವನು ಹತ್ತಿರ ಹೋದ. ಅವಳು ದನಿ ಏರಿಸಲಿಲ್ಲ.

"ಮಶೀನ್ ಗೊತ್ತಿರಲಿಲ್ಲ ಅಂದ್ರಿ, ಆಯ್ತು. ಅದು ಯಾರಿಗಾದ್ರೂ ಆಗ್ತದ. ಆದ್ರ ಆ ದಿನ ಸೋಡಾ ಹಾಕಿ ಎರಡು ಸಲ ತೊಳದ್ರಲ್ಲ, ಅದು ಯಾವ ಮಶೀನ್ ಗೊತ್ತಿಲ್ಲದ್ದಕ್ಕ?"

ಬಕ್ಕಪ್ಪ ಬಾಯಿ ತೆರೆದ. ಗುಂಡಪ್ಪ ಹೇಳಿದ್ದ, ಅದಕ್ಕೆ ತೊಳೆದೆ ಎನ್ನಬಹುದಿತ್ತು. ಅರಿವೆ ಹಿಂಡಿದಾಗ ಬಂದ ತಿಳಿನೀರು ಕಣ್ಣ ಮುಂದೆ ಬಂತು. ಮಚ್ಚೇಂದ್ರ ಗಾಡಿ ಚಾಲೂ ಮಾಡಿದ. ಸುಜಾತಾ ಬಾಗಿಲು ಎಳೆದುಕೊಂಡಳು. ಮನಿಗಾಡಿ ಮುಡಬಿಯ ಕಡೆ ಹೋಯಿತು. ಯಾರೋ ತಂದುಕೊಟ್ಟ ಚಾ ಅವನ ಕೈಯಲ್ಲೇ ಆರಿತು.

ಸಂಜೆ ಮನೆಗೆ ಬಂದಾಗ ಲಲಿತಾಬಾಯಿ ಬಾಗಿಲಲ್ಲೇ ಕೇಳಿದಳು. ಕೆಲಸ ವಾಪಸ್ ಸಿಕ್ಕಿತು ಎಂದ. ಹದಿನೈದು ದಿನದಲ್ಲಿ ಮೊದಲ ಸಲ ಆಕೆಯ ಮುಖ ಅರಳಿತು. ಬಿಸಿ ರೊಟ್ಟಿ ಬಡಿದು ತಾಟಿನಲ್ಲಿ ಹಾಕಿದಳು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಬಕ್ಕಪ್ಪ ರೊಟ್ಟಿ ಮುರಿಯದೆ, ತೊಳೆದದ್ದನ್ನು ಹೇಳಿದ. ಸೋಡಾ ಹೇಳಿದ, ಬಿಸಿನೀರು ಹೇಳಿದ, ಎರಡು ಸಲ ಎಂದ, ಅವಳು ನೋಡುತ್ತ ನಿಂತಿದ್ದಳು ಎಂದ.

ಲಲಿತಾಬಾಯಿ ಕೇಳಿದಳು. ಬೈಯಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ತೆಗೆದಿಟ್ಟು, ಒಲೆ ಆರಿಸಿ, ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತಳು. ಬಕ್ಕಪ್ಪ ಒಬ್ಬನೇ ಉಂಡ. ಉಂಡ ತಾಟು ತಾನೇ ತೊಳೆಯೋಣ ಎಂದು ಬಚ್ಚಲಿಗೆ ಒಯ್ದ, ನೀರು ಹಾಕಿದ, ಅರಿವೆ ಕೈಗೆ ತಗೊಂಡ. ಆಮೇಲೆ ಕೈ ಮುಂದೆ ಹೋಗಲಿಲ್ಲ. ಅಲ್ಲೇ ಕುಳಿತ.